ಲೆಕ್ಕ ತಪ್ಪಿದ ಯಂತ್ರ, ‘ಅಣ್ಣನಿಮ್ಮು’ ಎಂದ ಯಂತ್ರ

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ಮನುಷ್ಯನಂತೆ ನಟಿಸುವ ಯಂತ್ರ ಬೇಕೆಂದೇ ಲೆಕ್ಕ ತಪ್ಪುತ್ತದೆ ಎಂಬ ಜೋಕು ಆಗಾಗ ಕಿವಿಗೆ ಬೀಳುತ್ತದೆ. ಇದರ ಮೂಲ ಯಾವುದು? – ಓದುಗರು, ಸಾಗರ

ಉತ್ತರ: ಮೂಲ ಬ್ರಿಟನ್ನಿನ ಗಣಿತಜ್ಞ ಆಲನ್ ಟ್ಯೂರಿಂಗ್ ಅವರ ಲೇಖನವೇ. 1950ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಅವರು ‘ಅನುಕರಣೆಯ ಆಟ’ವನ್ನು ವಿವರಿಸಿದರು. ತೀರ್ಪುಗಾರ ಒಂದು ಕೋಣೆಯಲ್ಲಿ, ಮನುಷ್ಯ ಮತ್ತು ಯಂತ್ರ ಇನ್ನೆಲ್ಲೋ. ಮಾತೆಲ್ಲ ಟೈಪ್ ಮಾಡಿದ ಬರಹದಲ್ಲೇ. ಯಾರು ಮನುಷ್ಯ, ಯಾವುದು ಯಂತ್ರ ಎಂದು ತೀರ್ಪುಗಾರ ಹೇಳಬೇಕು. ಮಾದರಿಗೆಂದು ಅಲ್ಲೊಂದು ಪುಟ್ಟ ಸಂಭಾಷಣೆಯೂ ಇದೆ. ಫೋರ್ತ್ ಸೇತುವೆಯ ಮೇಲೆ ಸಾನೆಟ್ ಬರೆಯಿರಿ ಎಂದರೆ, ಕವಿತೆ ನನಗೆ ಬರುವುದಿಲ್ಲ ಎಂಬ ಉತ್ತರ. 34957ಕ್ಕೆ 70764 ಕೂಡಿಸಿ ಎಂದರೆ, ಸುಮಾರು 30 ಸೆಕೆಂಡು ಮೌನ, ಆಮೇಲೆ 105621.

ಪೆನ್ಸಿಲ್ ಹಿಡಿದು ಕೂಡಿಸಿ ನೋಡಿ. 7ಕ್ಕೆ 4 ಸೇರಿದರೆ 11, ಕೈಯಲ್ಲಿ 1. 5, 6, ಕೈಯಲ್ಲಿದ್ದ 1 ಸೇರಿ 12, ಮತ್ತೆ ಕೈಯಲ್ಲಿ 1. ನೂರರ ಸ್ಥಾನದಲ್ಲಿ 9, 7, 1 ಸೇರಿ 17. ಅಲ್ಲಿಗೆ ಸರಿಯುತ್ತರ 105721. ಆ ನೂರರ ಸ್ಥಾನದಲ್ಲಿ ಕೈಯಲ್ಲಿದ್ದ ಒಂದನ್ನು ಮರೆತರೆ 16 ಆಗಿ, ಲೇಖನದಲ್ಲಿರುವ 105621 ಬರುತ್ತದೆ. ಶಾಲೆಯ ಮಕ್ಕಳು ಮಾಡುವ ತಪ್ಪು ಇದೇ. ಆಟಕ್ಕೆ ಸಜ್ಜಾದ ಯಂತ್ರ ತೀರ್ಪುಗಾರನನ್ನು ಗೊಂದಲಗೊಳಿಸಲು ಬೇಕೆಂದೇ ತಪ್ಪುಗಳನ್ನು ಸೇರಿಸುತ್ತದೆ ಎಂದು ಟ್ಯೂರಿಂಗ್ ಅದೇ ಲೇಖನದಲ್ಲಿ ಮುಂದೆ ಬರೆದಿದ್ದಾರೆ. ಹಾಗಾಗಿ ಇದು ಅಚ್ಚಿನ ದೋಷವಲ್ಲ ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಅದು ಕಾಗದದ ಮೇಲಿನ ಮಾತಾಯಿತು. ನಿಜವಾದ ಸ್ಪರ್ಧೆಗಳಲ್ಲಿ ಏನಾಗಿದೆ? – ಓದುಗರು, ಮಂಡ್ಯ

ಉತ್ತರ: 1991ರಲ್ಲಿ ಬಾಸ್ಟನ್‌ನಲ್ಲಿ ನಡೆದ ಮೊದಲ ಲೋಬ್ನರ್ ಸ್ಪರ್ಧೆಯಲ್ಲಿ (ಟ್ಯೂರಿಂಗ್ ಆಟದ ಮಾದರಿಯದೇ ಸ್ಪರ್ಧೆ) ಶೇಕ್ಸ್‌ಪಿಯರ್ ನಾಟಕಗಳ ಬಗ್ಗೆ ಮಾತಾಡಿದ ಮಹಿಳೆಯೊಬ್ಬರನ್ನು ಕೆಲವು ತೀರ್ಪುಗಾರರು ಕಂಪ್ಯೂಟರ್ ಎಂದುಬಿಟ್ಟರು. ಮನುಷ್ಯರಿಗೆ ಇಷ್ಟೊಂದು ಗೊತ್ತಿರಲು ಸಾಧ್ಯವಿಲ್ಲ ಎಂಬುದು ಅವರ ತರ್ಕ. 2014ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ‘ಯೂಜೀನ್ ಗೂಸ್ಟ್‌ಮನ್’ ಎಂಬ ಪ್ರೋಗ್ರಾಂ 30 ತೀರ್ಪುಗಾರರಲ್ಲಿ 10 ಜನರನ್ನು ನಂಬಿಸಿತು. ಉಕ್ರೇನಿನ 13 ವರ್ಷದ ಹುಡುಗ, ಇಂಗ್ಲಿಷ್ ತನ್ನ ಮಾತೃಭಾಷೆಯಲ್ಲ ಎಂಬ ವೇಷ ಹಾಕಿದ್ದರಿಂದ ಅದರ ಅಜ್ಞಾನವೂ ವ್ಯಾಕರಣ ದೋಷವೂ ಸಹಜವಾಗಿ ಕಂಡವು. ಎರಡೂ ಕಡೆ ಅಳೆದದ್ದು ಬುದ್ಧಿಯನ್ನಲ್ಲ, ‘ಮನುಷ್ಯ ಎಂದರೆ ಇಷ್ಟೇ’ ಎಂಬ ತೀರ್ಪುಗಾರರ ಅಂದಾಜನ್ನು.

ಪ್ರಶ್ನೆ: ಕಾಲೇಜು ಉತ್ಸವಕ್ಕೆ ಕನ್ನಡದಲ್ಲಿ ‘ಎಲೈಜಾ’ ಮಾದರಿಯ ಪ್ರೋಗ್ರಾಂ ಬರೆಯುತ್ತಿದ್ದೇವೆ. ‘ನಾನು ಅಣ್ಣನನ್ನು ನೋಡಿದೆ’ ಎಂದು ಟೈಪ್ ಮಾಡಿದರೆ ‘ನೀವು ಅಣ್ಣನಿಮ್ಮು ನೋಡಿದೆ’ ಎನ್ನುತ್ತದೆ. ಎಲ್ಲರೂ ನಗುತ್ತಾರೆ, ಆದರೆ ಸರಿ ಮಾಡುವುದು ಹೇಗೆ? – ವಿದ್ಯಾರ್ಥಿಗಳು, ಹುಬ್ಬಳ್ಳಿ

ಉತ್ತರ: ಬಹಳ ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೀರಿ. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಎಲೈಜಾಕ್ಕೆ ಅರ್ಥ ಏನೂ ತಿಳಿಯುತ್ತಿರಲಿಲ್ಲ. ವಾಕ್ಯದಲ್ಲಿ ಮುಖ್ಯ ಪದ ಹುಡುಕಿ, ‘ನಾನು’ ಇದ್ದಲ್ಲಿ ‘ನೀವು’ ಹಾಕಿ, ಪ್ರಶ್ನೆಯಾಗಿ ತಿರುಗಿಸಿ ಕೊಡುತ್ತಿತ್ತು, ಅಷ್ಟೇ.

ನೀವು ‘ನನ್ನ’ ಎಲ್ಲಿ ಕಂಡರೂ ‘ನಿಮ್ಮ’ ಮಾಡು ಎಂದಿದ್ದೀರಿ. ಕಂಪ್ಯೂಟರಿನ ಒಳಗೆ ‘ಅಣ್ಣನನ್ನು’ ಎಂಬುದರ ಕೊನೆಯ ಭಾಗ ನ, ನ, ಹಲಂತ (ಒತ್ತಕ್ಷರ ಮೂಡಿಸುವ ಚಿಹ್ನೆ), ನ, ಉಕಾರದ ಚಿಹ್ನೆ ಎಂದು ಬಿಡಿಬಿಡಿಯಾಗಿ ಕೂತಿರುತ್ತದೆ. ಮೊದಲ ನಾಲ್ಕು ಸೇರಿದರೆ ‘ನನ್ನ’! ಅದು ‘ನಿಮ್ಮ’ ಆಗಿ, ಉಳಿದ ಉಕಾರ ಕೊನೆಗೆ ಅಂಟಿಕೊಂಡು ‘ಅಣ್ಣನಿಮ್ಮು’ ಆಯಿತು. ಮೊದಲು ವಾಕ್ಯವನ್ನು ಖಾಲಿ ಜಾಗದಲ್ಲಿ ಒಡೆಯಿರಿ, ಚುಕ್ಕಿ ಅಲ್ಪವಿರಾಮ ತೆಗೆಯಿರಿ, ಇಡೀ ಪದ ಪಟ್ಟಿಯಲ್ಲಿದ್ದರೆ ಮಾತ್ರ ಬದಲಿಸಿ. ಪಟ್ಟಿಯಲ್ಲಿ ನಾನು, ನನ್ನ, ನನ್ನನ್ನು, ನನಗೆ, ನನ್ನಿಂದ ಜೊತೆಗೆ ನಂಗೆ, ನನ್ಗೆ ಎಂಬ ಆಡುರೂಪಗಳೂ ಇರಲಿ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿರುವ ಪದದ ಗಡಿಯ ಗುರುತನ್ನು ಕನ್ನಡಕ್ಕೆ ನಂಬಬೇಡಿ. ಹಲಂತವನ್ನೂ ಗುಣಿತದ ಚಿಹ್ನೆಗಳನ್ನೂ ಅದು ಪದದ ಭಾಗವೆಂದು ಎಣಿಸುವುದಿಲ್ಲ, ಪದದ ನಡುವೆಯೇ ಗಡಿ ಹಾಕಿಬಿಡುತ್ತದೆ.

ಬದಲಾವಣೆ ಒಂದೇ ಸುತ್ತಿನಲ್ಲಿ ಆಗಬೇಕು. ಮೊದಲು ‘ನನ್ನ’ವನ್ನೆಲ್ಲ ‘ನಿಮ್ಮ’ ಮಾಡಿ, ಆಮೇಲೆ ‘ನಿಮ್ಮ’ವನ್ನೆಲ್ಲ ‘ನನ್ನ’ ಮಾಡಿದರೆ ಎಲ್ಲವೂ ‘ನನ್ನ’ ಆಗಿ ಕೂರುತ್ತದೆ.

ನಿಜವಾದ ತೊಡಕು ಕ್ರಿಯಾಪದದ್ದು. ಇಂಗ್ಲಿಷಿನಲ್ಲಿ ಸರ್ವನಾಮ ಬದಲಿಸಿದರೆ ಬಹುಪಾಲು ಕೆಲಸ ಮುಗಿಯಿತು. ಕನ್ನಡದಲ್ಲಿ ‘ನೋಡಿದೆ’ ಹೋಗಿ ‘ನೋಡಿದಿರಿ’ ಬರಬೇಕು, ‘ಹೋಗುತ್ತೇನೆ’ ಹೋಗಿ ‘ಹೋಗುತ್ತೀರಿ’ ಬರಬೇಕು. ಹಾಗೆಂದು ಎಲ್ಲ ‘ಇದೆ’ಗಳನ್ನು ‘ಇದಿರಿ’ ಮಾಡಿದರೆ ‘ನಿಮಗೆ ಬೇಜಾರಾಗಿದಿರಿ’ ಎಂಬ ವಾಕ್ಯ ಹುಟ್ಟುತ್ತದೆ. ‘ನಾನು’ ಇದ್ದರೆ ಮಾತ್ರ ಕ್ರಿಯಾಪದ ಮುಟ್ಟಿ. ‘ನನಗೆ’ ಇದ್ದರೆ ಬಿಟ್ಟುಬಿಡಿ. ‘ನನಗೆ ಬೇಜಾರಾಗಿದೆ’ ಎಂಬುದು ‘ನಿಮಗೆ ಬೇಜಾರಾಗಿದೆಯೇ? ಯಾವಾಗಿನಿಂದ?’ ಎಂದು ಸಲೀಸಾಗಿ ತಿರುಗುತ್ತದೆ. ನೆಗಡಿ, ಹಸಿವು, ಭಯ, ಸಿಟ್ಟು ಎಲ್ಲವೂ ನಮ್ಮಲ್ಲಿ ‘ನನಗೆ’ ಎಂದೇ ಬರುವುದರಿಂದ ಕಷ್ಟಸುಖ ಕೇಳುವ ಯಂತ್ರಕ್ಕೆ ಇದು ದೊಡ್ಡ ಅನುಕೂಲ.

‘ನಾನು’ ಬಂದ ವಾಕ್ಯಗಳಿಗೂ ಒಂದು ಉಪಾಯವಿದೆ. ಏನನ್ನೂ ಬದಲಿಸದೆ ಹೇಳಿದ್ದನ್ನೇ ಹಿಡಿದು, ‘“ಅಣ್ಣನನ್ನು ನೋಡಿದೆ” ಅಂದ್ರಿ. ಆಮೇಲೆ?’ ಎನ್ನಿಸಿ. ಕನ್ನಡಿಗರು ದಿನವೂ ಹೀಗೇ ಮಾತಾಡುತ್ತಾರೆ. ‘ಅಂದ್ರಿ’ ಒಂದರಿಂದ ವ್ಯಾಕರಣದ ಕಾಟವೆಲ್ಲ ತಪ್ಪುತ್ತದೆ. ಯಾವ ಪದವೂ ಸಿಗದಿದ್ದಾಗ ‘ಹೂಂ, ಹೇಳಿ’ ಸಾಕು, ಆದರೆ ಅದೇ ಉತ್ತರ ಸತತ ಎರಡು ಸಲ ಬರದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಸಂಘದಲ್ಲಿ ಚಾಟ್‌ಬಾಟ್ ಇಟ್ಟುಕೊಂಡು ಟ್ಯೂರಿಂಗ್ ಆಟ ಆಡಿಸಬೇಕೆಂದಿದ್ದೇವೆ. ಏನೇನು ಬೇಕು? – ಓದುಗರು, ಮೈಸೂರು

ಉತ್ತರ: ಎರಡು ಕೋಣೆ, ಎರಡು ಫೋನ್, ಮೂವರು ಜನ. ಒಬ್ಬರು ತೀರ್ಪುಗಾರರು, ಒಬ್ಬರು ಉತ್ತರಿಸುವವರು, ಇನ್ನೊಬ್ಬರು ಮಧ್ಯವರ್ತಿ. ಮಧ್ಯವರ್ತಿ ಎರಡೂ ಕಡೆಯ ಉತ್ತರಗಳನ್ನು ಒಂದೇ ಫೋನಿನಿಂದ, ಪ್ರಶ್ನೆ ಬಂದ 40 ಸೆಕೆಂಡಿಗೆ ಸರಿಯಾಗಿ ಕಳಿಸಬೇಕು. ಇದನ್ನು ಬಿಟ್ಟರೆ ಯಂತ್ರದ ವೇಗದಿಂದಲೇ ಗುಟ್ಟು ರಟ್ಟಾಗುತ್ತದೆ. ಇಬ್ಬರೂ ಕನ್ನಡ ಲಿಪಿಯಲ್ಲೇ ಬರೆಯಬೇಕೆಂಬ ನಿಯಮ ಇರಲಿ. ‘ಊಟ ಆಯ್ತಾ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವರು ಮನುಷ್ಯರೆಂದು ಮೊದಲ ಸಾಲಿಗೇ ಗೊತ್ತಾಗುತ್ತದೆ. ಒಂದು ಸುತ್ತಿಗೆ 5 ನಿಮಿಷ, ಒಟ್ಟು 10 ಸುತ್ತು. ಸುಮ್ಮನೆ ಊಹಿಸಿದರೂ ಐದು ಸರಿಯಾಗಬಹುದು, ಆದರೆ ಒಂಬತ್ತು ಅಥವಾ ಹತ್ತು ಸರಿಯಾಗುವ ಸಾಧ್ಯತೆ 1024ರಲ್ಲಿ 11 ಮಾತ್ರ.

ಚಾಟ್‌ಬಾಟ್‌ಗೆ ಪಾತ್ರ ಕೊಡುವುದನ್ನು ಮರೆಯಬೇಡಿ: ವಯಸ್ಸು, ಊರು, ಆಡುಮಾತು, ಒಂದು ಸಾಲಿಗಿಂತ ಉದ್ದ ಬೇಡ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು. 2025ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 5 ನಿಮಿಷದ ಇಂಥ ಪರೀಕ್ಷೆ ನಡೆಸಿದಾಗ, ಪಾತ್ರ ಕೊಟ್ಟ ಜಿಪಿಟಿ-4.5 ಎಂಬ ಚಾಟ್‌ಬಾಟ್ ಮಾದರಿ ಶೇ. 73ರಷ್ಟು ಸಲ ಮನುಷ್ಯ ಎನಿಸಿಕೊಂಡಿತು. ಪಾತ್ರ ಕೊಡದ ಜಿಪಿಟಿ-4ಓ ಪಡೆದದ್ದು ಶೇ. 21. ಅರವತ್ತರ ದಶಕದ ಎಲೈಜಾಕ್ಕೆ ಶೇ. 23!

ಆಟ ಹೆಚ್ಚಾಗಿ ಕೆಡುವುದು ಮನುಷ್ಯರಿಂದಲೇ. ಉತ್ತರಿಸುವವರು ತಮಾಷೆಗೆಂದು ರೋಬೋ ಥರ ಮಾತಾಡಿದರೆ ಇಡೀ ಸುತ್ತು ವ್ಯರ್ಥ. ತಾವು ತಾವಾಗಿಯೇ ಇರಬೇಕೆಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ‘ನಾನು ರೋಬೋ ಅಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಏನು ಸಾಬೀತಾಗುತ್ತದೆ? ಯಂತ್ರವೂ ಹಾಕಬಹುದಲ್ಲ? – ಓದುಗರು, ಸಿಂಗಪುರ

ಉತ್ತರ: ಗುರುತಿನಿಂದ ಏನೂ ಸಾಬೀತಾಗುವುದಿಲ್ಲ. ಗುರುತು ಹಾಕುವ ಮೊದಲು ಮತ್ತು ಹಾಕುವಾಗ ನಿಮ್ಮ ನಡವಳಿಕೆ ಹೇಗಿತ್ತು ಎಂಬುದನ್ನು ವ್ಯವಸ್ಥೆ ಗಮನಿಸುತ್ತದೆ. ಅನುಮಾನ ಬಂದರೆ ಚಿತ್ರಗಳನ್ನು ಮುಂದಿಡುತ್ತದೆ. ಆ ಚಿತ್ರಗಳನ್ನು ದಾಟಲು ಯಂತ್ರ ಮನುಷ್ಯರ ನೆರವು ಕೇಳಿದ್ದೂ ದಾಖಲಾಗಿದೆ. 2023ರ ಮಾರ್ಚಿನಲ್ಲಿ ಓಪನ್‌ಎಐ ಹೊರತಂದ ಜಿಪಿಟಿ-4 ವರದಿಯ ಪ್ರಕಾರ, ಪರೀಕ್ಷಕರ ಉಸ್ತುವಾರಿಯಲ್ಲಿ ಅದು, ಬಿಡಿ ಕೆಲಸಗಳಿಗೆ ಜನರನ್ನು ಒದಗಿಸುವ ಟಾಸ್ಕ್‌ರ್‍ಯಾಬಿಟ್ ಜಾಲತಾಣದ ಕೆಲಸಗಾರರೊಬ್ಬರಿಗೆ ಒಂದು ಕ್ಯಾಪ್ಚಾ (ರೋಬೋ ಅಲ್ಲವೆಂದು ತೋರಿಸುವ ಇಂಥದೇ ಪರೀಕ್ಷೆ) ಬಿಡಿಸಿಕೊಡಲು ಕೇಳಿತು. ಅವರು, ನೀನೇನು ರೋಬೋನಾ ಎಂದು ನಗುತ್ತಲೇ ಕೇಳಿದರು. ಅಲ್ಲ, ನನಗೆ ದೃಷ್ಟಿದೋಷವಿದೆ, ಚಿತ್ರಗಳನ್ನು ನೋಡುವುದು ಕಷ್ಟ ಎಂದು ಅದು ಉತ್ತರಿಸಿತು. ಅವರು ಬಿಡಿಸಿಕೊಟ್ಟರು.