ಮೀನಿನ ಪಿಟ್ಯುಟರಿಯಲ್ಲಿ ಗೊನಡೋಟ್ರೋಫ್ ಗುರುತಿಸುವುದು ಹೇಗೆ?

ಟಿಲಾಪಿಯಾ ಮೀನಿನ ಪಿಟ್ಯುಟರಿಗೆ (ಮೆದುಳಿನ ಕೆಳಗಿರುವ ಹಾರ್ಮೋನ್ ಗ್ರಂಥಿ) ಪಿಎಎಸ್ (ಪೀರಿಯಾಡಿಕ್ ಆಸಿಡ್-ಶಿಫ್, ಕೆನ್ನೇರಳೆ ಬಣ್ಣ ಕೊಡುತ್ತದೆ) ಮತ್ತು ಆರೆಂಜ್ ಜಿ (ಕಿತ್ತಳೆ ಬಣ್ಣ ಕೊಡುತ್ತದೆ) ಹಾಕಿದ್ದೀರಿ. ಕೆನ್ನೇರಳೆ ಕೋಶಗಳು ಎರಡು ಮೂರು ಕಡೆ ಕಾಣುತ್ತಿವೆ, ಅವುಗಳಲ್ಲಿ ಗೊನಡೋಟ್ರೋಫ್ (ಅಂಡಾಶಯ, ವೃಷಣಗಳನ್ನು ಪ್ರಚೋದಿಸುವ ಹಾರ್ಮೋನ್ ಮಾಡುವ ಕೋಶ) ಯಾವುದು ಅಂತ ಕೇಳಿದ್ದೀರಿ. ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ. ಗ್ರಂಥಿಯ ಹಿಂಭಾಗದ ಕೋಶಗಳಿಗೆ ಗೊನಡೋಟ್ರೋಫ್ ಅಂತ ಹೆಸರು ಬರೆದು, ಆಮೇಲೆ ಎಲ್ಲ ಸ್ಲೈಡ್ ಮತ್ತೆ ನೋಡಬೇಕಾಯಿತು.

ಬಣ್ಣಕ್ಕಿಂತ ಮೊದಲು ಜಾಗ ನೋಡಿ. ಗ್ರಂಥಿಯನ್ನು ಮೆದುಳಿನಿಂದ ಬಿಡಿಸದೆ, ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಸೆಕ್ಷನ್ (ತೆಳು ಪದರ) ತೆಗೆಯಿರಿ. ನಟ್ಟನಡುವಿನ ಸೆಕ್ಷನ್‌ನಲ್ಲಿ ಮುಂಭಾಗ, ನಡುಭಾಗ, ಹಿಂಭಾಗ ಮೂರೂ ಒಟ್ಟಿಗೆ ಸಿಗುತ್ತವೆ. ಅಡ್ಡಕ್ಕೆ ಕೊಯ್ದರೆ ಯಾವ ಭಾಗದಲ್ಲಿದ್ದೀರಿ ಅನ್ನುವುದೇ ತಿಳಿಯುವುದಿಲ್ಲ.

ಮುಂಭಾಗದಲ್ಲಿ ಪ್ರೊಲ್ಯಾಕ್ಟಿನ್ ಕೋಶಗಳ ದಟ್ಟ ಗುಂಪು. ಸಿಹಿನೀರಿನ ಟಿಲಾಪಿಯಾದಲ್ಲಿ ಇದು ಚೆನ್ನಾಗಿ ಬೆಳೆದಿರುತ್ತದೆ, ಯಾಕೆಂದರೆ ಮೈಯ ಉಪ್ಪು ಹೊರಗೆ ಹೋಗದಂತೆ ತಡೆಯುವುದು ಈ ಹಾರ್ಮೋನ್. ಆ ಗುಂಪಿಗೂ ನರದ ಎಳೆಗಳಿಗೂ ನಡುವೆ ಎಸಿಟಿಎಚ್ (ಕಾರ್ಟಿಸಾಲ್ ಬಿಡುಗಡೆ ಮಾಡಿಸುವ ಹಾರ್ಮೋನ್) ಕೋಶಗಳ ತೆಳು ಪಟ್ಟಿ ಇರುತ್ತದೆ. ಅದಕ್ಕೆ ಲೆಡ್ ಹೆಮಟಾಕ್ಸಿಲಿನ್ ಹಾಕಿದರೆ ಕಪ್ಪು-ನೀಲಿ ಬಣ್ಣ ಬರುತ್ತದೆ. ನಡುಭಾಗದಲ್ಲಿ ಕಿತ್ತಳೆ ಬಣ್ಣದವು ಗ್ರೋತ್ ಹಾರ್ಮೋನ್ ಕೋಶಗಳು, ಕೆನ್ನೇರಳೆ ಆದವು ಗೊನಡೋಟ್ರೋಫ್ ಮತ್ತು ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಿಸುವ ಹಾರ್ಮೋನ್) ಕೋಶಗಳು.

ಹಿಂಭಾಗದ ಕೆನ್ನೇರಳೆಯೇ ನನ್ನನ್ನು ದಾರಿ ತಪ್ಪಿಸಿದ್ದು. ಅದು ಸೊಮ್ಯಾಟೊಲ್ಯಾಕ್ಟಿನ್ (ಮೀನಿನ ಪಿಟ್ಯುಟರಿಯ ಇನ್ನೊಂದು ಹಾರ್ಮೋನ್) ಕೋಶಗಳದ್ದು. ಟಿಲಾಪಿಯಾದಲ್ಲಿ ಅದು ಪಿಎಎಸ್ ಹಿಡಿಯುತ್ತದೆ, ಸಾಲ್ಮನ್ ಜಾತಿಯ ಮೀನುಗಳಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಬೇರೆ ಮೀನಿನ ಚಿತ್ರ ನೋಡಿ ನಿಮ್ಮ ಸ್ಲೈಡ್‌ಗೆ ಹೆಸರು ಕೊಡಬೇಡಿ.

ಗೊನಡೋಟ್ರೋಫ್ ಮತ್ತು ಟಿಎಸ್‌ಎಚ್ ಕೋಶಗಳನ್ನು ಪಿಎಎಸ್‌ನಿಂದ ಬೇರೆ ಮಾಡಲು ಆಗುವುದಿಲ್ಲ. ಪಿಎಎಸ್ ಹಿಡಿಯುವುದು ಹಾರ್ಮೋನಿಗೆ ಅಂಟಿದ ಸಕ್ಕರೆಯನ್ನು, ಇವೆರಡರಲ್ಲೂ ಆ ಸಕ್ಕರೆ ಇದೆ, ಅಲ್ವಾ? ಮೊಟ್ಟೆ ಬಲಿತ ಮೀನನ್ನೂ ಇನ್ನೂ ಬಲಿಯದ ಮೀನನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಬಲಿತ ಮೀನಿನಲ್ಲಿ ಗೊನಡೋಟ್ರೋಫ್‌ಗಳು ದೊಡ್ಡದಾಗಿ, ಜಾಸ್ತಿ ಕಾಣುತ್ತವೆ. ಇದು ಒಳ್ಳೆಯ ಸುಳಿವು, ಆದರೆ ಪುರಾವೆ ಅಲ್ಲ. ಪುರಾವೆಗೆ ಆಂಟಿಬಾಡಿಯೇ (ಒಂದು ನಿರ್ದಿಷ್ಟ ಪ್ರೋಟೀನಿಗೇ ಅಂಟುವ ಅಣು) ಬೇಕು. ಅದು ಹಾರ್ಮೋನಿನ ಎರಡು ಪ್ರೋಟೀನ್ ಸರಪಣಿಗಳಲ್ಲಿ ಬೀಟಾ ಸರಪಣಿಯನ್ನು ಹಿಡಿಯುವಂಥದ್ದಾಗಿರಲಿ. ಗೊನಡೋಟ್ರೋಫ್ ಮಾಡುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನ್‌ಗಳು ಮತ್ತು ಟಿಎಸ್‌ಎಚ್, ಈ ಮೂರಕ್ಕೂ ಆಲ್ಫಾ ಸರಪಣಿ ಒಂದೇ. ಆಲ್ಫಾ ಹಿಡಿಯುವ ಆಂಟಿಬಾಡಿ ಹಾಕಿದರೆ ಎಲ್ಲವೂ ಬಣ್ಣ ಹಿಡಿದು ನೀವು ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ.

ಇನ್ನೊಂದು ಮಾತು. ಪ್ರತಿ ಸಲವೂ ಒಂದು ಸೆಕ್ಷನ್‌ಗೆ ಪೀರಿಯಾಡಿಕ್ ಆಸಿಡ್ ಹಾಕದೆ ನೇರವಾಗಿ ಶಿಫ್ ದ್ರಾವಣ ಹಾಕಿ. ಅದೂ ಕೆಂಪಾದರೆ ಆ ಬಣ್ಣ ಹಾರ್ಮೋನಿನದಲ್ಲ.