ಎಲ್ಲರ ಮನೆಗೂ ಹೋಗಿ ಬಂದೆ, ಆಪ್ತ ಗೆಳತಿಗೆ ಫೋನ್ ಮಾಡಲಿಲ್ಲ

ಪ್ರಶ್ನೆ:

ಮೇಡಂ, ನನಗೆ 38 ವರ್ಷ. ಕೆಲಸಕ್ಕೆ ಹೋಗುತ್ತೇನೆ, ಒಬ್ಬ ಮಗನಿದ್ದಾನೆ. ಕಳೆದ ತಿಂಗಳು ಒಂದರ ಹಿಂದೆ ಒಂದು ಕಾರ್ಯಕ್ರಮ. ಎರಡು ಮದುವೆ, ಆಫೀಸಿನಲ್ಲಿ ಒಬ್ಬರ ಬೀಳ್ಕೊಡುಗೆ, ಕಾಲೇಜಿನ ಹಳೇ ಬ್ಯಾಚಿನವರು ಸೇರಿದ್ದು, ಮಗನ ಕ್ಲಾಸ್‌ಮೇಟ್‌ಗಳ ಹುಟ್ಟುಹಬ್ಬ, ನಾದಿನಿಯ ಹೊಸ ಮನೆ ನೋಡಲು ಹೋಗಿದ್ದು. ನಡುವೆ ಒಂದು ಶನಿವಾರ ಆಫೀಸಿನ ಗೆಳತಿಯರ ಜೊತೆ ಇಡೀ ದಿನ ಶಾಪಿಂಗ್. ಎಲ್ಲವೂ ಖುಷಿಯಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಆ ಶನಿವಾರವೇ ನನ್ನ ಆಪ್ತ ಗೆಳತಿಯ ಮೆಸೇಜ್ ಬಂತು: ‘ಅಮ್ಮನ ರಿಪೋರ್ಟ್ ಬಂತು ಕಣೇ. ಬಿಡುವಾದಾಗ ಫೋನ್ ಮಾಡು.’ ನಾನಾಗ ಟ್ರಯಲ್ ರೂಮಿನ ಕ್ಯೂನಲ್ಲಿದ್ದೆ, ಕೈತುಂಬ ಬಟ್ಟೆ. ಮನೆಗೆ ಹೋಗಿ ಮಾಡೋಣ ಅಂದುಕೊಂಡು, ಒಂದು ಹಾರ್ಟ್ ಒತ್ತಿ ಫೋನನ್ನು ಬ್ಯಾಗಿಗೆ ಹಾಕಿದೆ. ಮನೆಗೆ ಬಂದಾಗ ಕಾಲು ಸೋತುಹೋಗಿತ್ತು. ರಾತ್ರಿ ಶಾಪಿಂಗ್ ಫೋಟೊಗಳನ್ನು ಸ್ಟೇಟಸ್‌ಗೆ ಹಾಕಿ ಮಲಗಿಬಿಟ್ಟೆ. ಮರುದಿನ ಮದುವೆ. ಹೀಗೇ ದಿನ ಹೋಯಿತು. ಮೂರು ವಾರದ ಮೇಲೆ ಇನ್ಯಾರಿಂದಲೋ ಗೊತ್ತಾಯಿತು, ಅವಳ ಅಮ್ಮನಿಗೆ ಆಪರೇಷನ್ ಆಗಿದೆ ಅಂತ. ತಕ್ಷಣ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಒಂದೇ ಸಾಲು ಬಂತು: ‘ನಿನಗೆ ಎಲ್ಲರಿಗೂ ಟೈಮ್ ಇದೆ, ಇರಲಿ ಬಿಡು.’

ಯಾವ್ಯಾವ ದಿನ ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಅಂತ ವಿವರವಾಗಿ ಒಂದು ಮೆಸೇಜ್ ಬರೆದಿಟ್ಟಿದ್ದೇನೆ, ಕಳಿಸಲಾ? ಶಾಪಿಂಗ್‌ನಲ್ಲಿ ಅವಳಿಗೂ ಒಂದು ಶಾಲು ತಂದಿದ್ದೆ, ಅದನ್ನು ತೆಗೆದುಕೊಂಡು ಮನೆಗೇ ಹೋಗಿಬಿಡಲಾ? ಇನ್ನೂ ಹತ್ತಾರು ಜನರಿಗೆ ಉತ್ತರ ಕೊಡುವುದು ಬಾಕಿ ಇದೆ, ಫೋನ್ ತೆರೆಯಲೇ ಭಯ. ಸಾಲದ್ದಕ್ಕೆ ತಂದ ಬಟ್ಟೆಯಲ್ಲಿ ಅರ್ಧ ಟ್ಯಾಗ್ ಸಮೇತ ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದೇನೆ. ಕಾರ್ಡಿನ ಬಿಲ್ ಎಷ್ಟು ಅಂತ ನಮ್ಮನೆಯವರಿಗೆ ಹೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಗೆಳತಿಯಿಂದ ಶುರು ಮಾಡಿ. ಅದೂ ಇವತ್ತೇ. ಉಳಿದ ಮೆಸೇಜ್, ಸೂಟ್‌ಕೇಸು, ಬಿಲ್ಲು ಎಲ್ಲವೂ ಆಮೇಲೆ. ನೀವು ಇವೆಲ್ಲವನ್ನೂ ‘ಬಾಕಿ’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಬೇಸರವಾದದ್ದು ಅಲ್ಲಿ. ಹುಟ್ಟುಹಬ್ಬಕ್ಕೆ ಕರೆದವರಿಗೆ ಥ್ಯಾಂಕ್ಸ್ ಹೇಳದೆ ಉಳಿದಿರುವುದೂ, ಅಮ್ಮನ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತವಳಿಗೆ ಫೋನ್ ಮಾಡದೆ ಉಳಿದಿರುವುದೂ ಒಂದೇ ತೂಕದವಲ್ಲ. ನಿಮಗದು ಗೊತ್ತಿದೆ, ಇಲ್ಲದಿದ್ದರೆ ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಬರೆದಿಟ್ಟಿರುವ ಆ ಉದ್ದದ ಮೆಸೇಜನ್ನು ಕಳಿಸಬೇಡಿ. ಅದರಲ್ಲಿ ಹೇಳಿರುವುದು ಸುಳ್ಳು ಅಂತ ಅಲ್ಲ. ಅದಷ್ಟನ್ನೂ ಅವಳು ನಿಮ್ಮ ಸ್ಟೇಟಸ್ಸಿನಲ್ಲಿ ಆಗಲೇ ನೋಡಿಯಾಗಿದೆ. ನೀವು ಕಾರಣ ಅಂತ ಬರೆದ ಒಂದೊಂದು ಸಾಲೂ ಅವಳ ಕಿವಿಗೆ ‘ಅವತ್ತೂ ಫೋನ್ ಮಾಡಲಿಲ್ಲ’ ಅಂತಲೇ ಕೇಳಿಸುತ್ತದೆ. ಇನ್ನೊಂದು ತೊಂದರೆಯೂ ಇದೆ. ಅಂಥ ಮೆಸೇಜನ್ನು ಓದಿ ಮುಗಿಸಿದವರು ಏನಾದರೂ ಹೇಳಲೇಬೇಕಾಗುತ್ತದೆ: ‘ಪರವಾಗಿಲ್ಲ ಬಿಡು’ ಎಂದು ನಿಮ್ಮನ್ನು ಸಮಾಧಾನ ಮಾಡಬೇಕು, ಇಲ್ಲವೇ ಜಗಳ ಆಡಬೇಕು. ಆಪರೇಷನ್ ಆದ ಅಮ್ಮನನ್ನು ನೋಡಿಕೊಳ್ಳುತ್ತಿರುವವಳಿಗೆ ಈಗ ಎರಡಕ್ಕೂ ತ್ರಾಣವಿರುವುದಿಲ್ಲ.

ಬದಲಿಗೆ ಹೀಗೆ ಬರೆಯಿರಿ: ‘ಅವತ್ತು ನಿನ್ನ ಮೆಸೇಜ್ ಓದಿದೆ. ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ತಪ್ಪು ನನ್ನದು. ಅಮ್ಮ ಈಗ ಹೇಗಿದ್ದಾರೆ? ನಾಳೆ ಸಂಜೆ ಆರಕ್ಕೆ ಬರುತ್ತೇನೆ, ಎಂಟರವರೆಗೆ ಅಮ್ಮನ ಹತ್ತಿರ ಕೂರುತ್ತೇನೆ, ನೀನು ಮಲಗಿ ಏಳು. ಬೇಡ ಅನ್ನಿಸಿದರೆ ಬೇಡ ಅನ್ನು.’ ಇಷ್ಟೇ ಸಾಕು. ‘ಬ್ಯುಸಿ ಇದ್ದೆ’ ಎಂಬ ಮಾತು ಬೇಡ. ‘ಏನಾದರೂ ಬೇಕಿದ್ದರೆ ಹೇಳು’ ಎಂಬುದೂ ಬೇಡ. ಅದು ಒಳ್ಳೆಯ ಮಾತೇ, ಆದರೆ ಏನು ಬೇಕು ಎಂದು ಯೋಚಿಸುವ ಕೆಲಸವನ್ನು ಮತ್ತೆ ಅವಳ ತಲೆಗೇ ಕಟ್ಟುತ್ತದೆ. ರೋಗಿಯನ್ನು ನೋಡಿಕೊಳ್ಳುವವರಿಗೆ ಬೇಕಾಗುವುದು ತೀರಾ ಸಣ್ಣ ಸಣ್ಣ ಸಹಾಯ. ಔಷಧಿ ತಂದುಕೊಡುವವರು, ಡ್ರೆಸ್ಸಿಂಗ್ ಬದಲಿಸುವ ದಿನ ಜೊತೆಗೆ ಬರುವವರು, ಅವರು ಸ್ನಾನ ಮುಗಿಸಿ ಬರುವವರೆಗೆ ರೋಗಿಯ ಪಕ್ಕ ಇರುವವರು. ಗಂಟೆ, ಕೆಲಸ ಎರಡನ್ನೂ ನೀವೇ ಹೇಳಿ. ಆಗ ‘ಹ್ಞೂಂ’ ಅನ್ನುವುದು ಅವಳಿಗೆ ಸುಲಭ.

ಇಷ್ಟು ದಿನ ಆದಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಅಳುಕು ನಿಮಗಿದೆ. ಪತ್ರದಲ್ಲಿ ಹೇಳಿಲ್ಲ, ಆದರೆ ಸಾಲುಗಳ ನಡುವೆ ಕಾಣುತ್ತದೆ. ಈ ಅಳುಕಿನ ಬಗ್ಗೆ ಪೆಗ್ಗಿ ಲಿಯು ಎಂಬ ಸಂಶೋಧಕಿ ಮತ್ತು ಅವರ ತಂಡದವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಪರ್ಕ ತಪ್ಪಿದವರಿಗೆ ನಾವಾಗಿಯೇ ಒಂದು ಸಂದೇಶ ಕಳಿಸಿದರೆ ಅವರಿಗೆ ಎಷ್ಟು ಹಿತವಾಗುತ್ತದೆ ಎಂಬುದನ್ನು ಕಳಿಸುವವರು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾರಂತೆ. ನಿರೀಕ್ಷೆ ಇಲ್ಲದಾಗ ಬಂದದ್ದಾದರೆ ಹಿತ ಇನ್ನೂ ಹೆಚ್ಚು. ನಿಮ್ಮ ಗೆಳತಿಗೆ ಸಿಟ್ಟಿದೆ, ಆದ್ದರಿಂದ ನಿಮ್ಮ ಸಂಗತಿ ಪೂರ್ತಿ ಅದೇ ಅಲ್ಲ. ಆದರೂ ಅವಳು ನಿಮ್ಮ ನಂಬರ್ ಬ್ಲಾಕ್ ಮಾಡಲಿಲ್ಲ, ಸುಮ್ಮನೂ ಇರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಒಂದು ಸಾಲಿನಲ್ಲಿ ನಿಮಗೇ ಹೇಳಿದ್ದಾಳೆ. ಪೂರ್ತಿ ಕೈಬಿಟ್ಟವರು ಅಷ್ಟನ್ನೂ ಹೇಳುವುದಿಲ್ಲ.

ಶಾಲಿನ ವಿಷಯ. ಈಗ ತೆಗೆದುಕೊಂಡು ಹೋಗಬೇಡಿ. ನೀವು ಅದನ್ನು ಪ್ರೀತಿಯಿಂದಲೇ ಆರಿಸಿದ್ದೀರಿ, ಅಷ್ಟೆಲ್ಲ ಗಲಾಟೆಯ ನಡುವೆಯೂ ಅವಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದು ನಿಮಗೆ ನೆನಪಿತ್ತು. ಆದರೆ ಅದನ್ನು ಕೊಂಡದ್ದು ಅವಳ ಮೆಸೇಜ್ ಬಂದ ದಿನವೇ. ಅವಳು ಆ ಫೋಟೊಗಳಲ್ಲಿ ಅದೇ ಅಂಗಡಿಯ ಚೀಲವನ್ನು ನೋಡಿರಬಹುದು. ಅದೇ ಚೀಲ ಅವಳ ಮನೆಬಾಗಿಲಿಗೆ ಬಂದರೆ, ಆ ದಿನ ಇನ್ನೊಮ್ಮೆ ಎದುರಿಗೆ ಬಂದು ನಿಂತಂತೆ. ಅಲ್ಲದೆ ಉಡುಗೊರೆ ತೆಗೆದುಕೊಂಡವರು ಥ್ಯಾಂಕ್ಸ್ ಹೇಳಬೇಕು, ಬಿಚ್ಚಿ ನೋಡಿ ‘ಚೆನ್ನಾಗಿದೆ’ ಅನ್ನಬೇಕು. ಮನಸ್ಸು ನೊಂದವರಿಂದ ಅದನ್ನೆಲ್ಲ ಮಾಡಿಸಬಾರದು. ಬರಿಗೈಲಿ ಹೋಗಿ. ಅಮ್ಮ ಚೇತರಿಸಿಕೊಂಡ ಮೇಲೆ, ನೀವಿಬ್ಬರೂ ಮೊದಲಿನಂತೆ ಮಾತಾಡತೊಡಗಿದ ಮೇಲೆ ಯಾವತ್ತಾದರೂ ಕೊಡಿ.

ಅವಳು ರೇಗಿದರೆ ರೇಗಲಿ. ನಡುವೆ ಬಾಯಿ ಹಾಕಬೇಡಿ, ಅಳಲೂ ಬೇಡಿ. ನೀವು ಅತ್ತರೆ ಅವಳ ಸಿಟ್ಟು ಅಲ್ಲಿಗೇ ನಿಲ್ಲಬೇಕಾಗುತ್ತದೆ. ‘ಬರಬೇಡ’ ಎಂದರೆ ಹೋಗಬೇಡಿ, ಆದರೆ ಒಂದು ವಾರ ಬಿಟ್ಟು ಮತ್ತೆ ‘ಅಮ್ಮ ಹೇಗಿದ್ದಾರೆ’ ಎಂದು ಕೇಳಿ. ಉತ್ತರ ಬರದಿದ್ದರೂ ಇನ್ನೊಂದು ವಾರಕ್ಕೆ ಕೇಳಿ. ಅವಳು ಕಾದಳು, ಈಗ ಕಾಯುವ ಸರದಿ ನಿಮ್ಮದು.

ಇನ್ನು, ಇದು ಹೇಗಾಯಿತು ಎಂಬುದನ್ನು ಸ್ವಲ್ಪ ನಿಂತು ನೋಡೋಣ. ನೀವು ಕೆಟ್ಟ ಗೆಳತಿ ಎಂದು ನಾನು ಖಂಡಿತ ಅನ್ನುವುದಿಲ್ಲ. ಮದುವೆಗೆ ತಾರೀಕಿದೆ. ಬೀಳ್ಕೊಡುಗೆಗೆ ಗಂಟೆಯಿದೆ. ಹುಟ್ಟುಹಬ್ಬ ಆ ದಿನವೇ ಆಗಬೇಕು. ಆದರೆ ‘ಬಿಡುವಾದಾಗ ಫೋನ್ ಮಾಡು’ ಎನ್ನುವುದಕ್ಕೆ ತಾರೀಕಿಲ್ಲ. ತಾರೀಕು ಇರುವ ಕರೆಗಳೆಲ್ಲ ಸೇರಿ ತಾರೀಕು ಇಲ್ಲದ ಕರೆಯನ್ನು ನುಂಗಿಹಾಕಿದವು. ಆಪ್ತರ ಕರೆಗೆ ಯಾವತ್ತೂ ತಾರೀಕಿರುವುದಿಲ್ಲ. ಅವರು ಎಲ್ಲಿ ಹೋಗುತ್ತಾರೆ, ನಮ್ಮವರೇ ತಾನೇ ಎಂಬ ಧೈರ್ಯದಲ್ಲಿ ನಾವು ಮೊದಲು ಮುಂದಕ್ಕೆ ಹಾಕುವುದು ಅವರನ್ನೇ. ಆಫೀಸಿನವರಿಗೆ ಇಲ್ಲ ಅನ್ನಲು ನಾಲಗೆ ಬರುವುದಿಲ್ಲ, ಜೀವದ ಗೆಳತಿಗೆ ಹೇಳದೆಯೇ ಇಲ್ಲ ಅಂದಿರುತ್ತೇವೆ.

ರಾಬಿನ್ ಡನ್‌ಬಾರ್ ಎಂಬ ಮಾನವಶಾಸ್ತ್ರಜ್ಞರ ಹೆಸರು ನೀವು ಕೇಳಿರಬಹುದು. ಒಬ್ಬ ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಒಡನಾಟ ಇಟ್ಟುಕೊಳ್ಳಬಲ್ಲ ಎಂಬ ವಾದವನ್ನು ಅವರು ಮುಂದಿಟ್ಟದ್ದು 1990ರ ದಶಕದಲ್ಲಿ. ಆ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ನನಗೆ ಮುಖ್ಯ ಅನ್ನಿಸುವುದು ಅವರು ಹೇಳುವ ಒಳಗಿನ ಸುತ್ತುಗಳು: 50 ಜನ ಒಳ್ಳೆಯ ಸ್ನೇಹಿತರು, ಅದರೊಳಗೆ 15 ಜನ ಹತ್ತಿರದವರು, ಅದಕ್ಕೂ ಒಳಗೆ ಸುಮಾರು 5 ಜನ, ಕಷ್ಟ ಬಂದಾಗ ಮೊದಲು ನೆನಪಾಗುವವರು. ಸಾಮಾನ್ಯವಾಗಿ ನಮ್ಮ ಒಡನಾಟದ ಹೊತ್ತಿನಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಆ ಐವರಿಗೇ ಸಲ್ಲುತ್ತದೆ ಎನ್ನುತ್ತಾರೆ ಅವರು. ನಿಮ್ಮ ಕಳೆದ ತಿಂಗಳನ್ನು ಈ ಲೆಕ್ಕದಲ್ಲಿ ಒಮ್ಮೆ ನೋಡಿ. ಅಷ್ಟೊಂದು ಜನರನ್ನು ಕಂಡಿರಿ, ನಕ್ಕಿರಿ, ಫೋಟೊ ತೆಗೆಸಿಕೊಂಡಿರಿ. ಆ ಐವರಲ್ಲಿ ಎಷ್ಟು ಜನರ ಜೊತೆ ಅರ್ಧ ಗಂಟೆ ಕೂತು ಮಾತಾಡಿದಿರಿ? ತಿಂಗಳಿಡೀ ಜನರ ನಡುವೆ ಇದ್ದೂ ಕೊನೆಗೆ ಬರಿದಾದಂತೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇದ್ದೀತು. ಹಾಗಾಗಿ ಆ ಐದು ಹೆಸರುಗಳನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ, ಮದುವೆಯ ತಾರೀಕು ಬರೆಯುವ ಹಾಗೆಯೇ, ವಾರ ಮತ್ತು ಗಂಟೆ ಸಮೇತ. ಸ್ನೇಹಕ್ಕೂ ಟೈಮ್‌ಟೇಬಲ್ಲೇ ಎಂದು ಸಂಕೋಚಪಡಬೇಡಿ. ಉಳಿದ ಎಲ್ಲರೂ ತಾರೀಕು ಹಿಡಿದುಕೊಂಡೇ ನಿಮ್ಮ ಮುಂದೆ ಬರುತ್ತಾರೆ, ಇವರಿಗೂ ಒಂದಿರಲಿ.

ಬಾಕಿ ಮೆಸೇಜ್‌ಗಳ ಬಗ್ಗೆ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಕರೆದವರಿಗೆ ಎರಡೆರಡು ಸಾಲು: ಬಂದು ಖುಷಿಯಾಯಿತು ಅಂತ ಒಂದು, ಅವತ್ತಿನ ಯಾವುದಾದರೂ ಒಂದು ಸಂಗತಿ ನೆನೆದು ಇನ್ನೊಂದು. ತಡವಾದದ್ದಕ್ಕೆ ಕಾರಣ ಕೊಡುತ್ತ ಕೂರಬೇಡಿ. ಉತ್ತರ ಬೇಡದ ಫಾರ್ವರ್ಡ್‌ಗಳನ್ನು ಹಾಗೇ ಬಿಡಿ. ಯಾರಾದರೂ ಕಷ್ಟ ಹೇಳಿಕೊಂಡಿದ್ದರೆ ಅವರಿಗೆ ಮೆಸೇಜ್ ಬೇಡ, ಫೋನೇ ಮಾಡಿ.

ಮುಂದಿನ ತಿಂಗಳೂ ಕರೆಗಳು ಬರುತ್ತವೆ. ಒಂದೆರಡಕ್ಕೆ ಇಲ್ಲ ಅನ್ನಿ. ಜೂಲಿಯನ್ ಗಿವಿ, ಕಾಲೀನ್ ಕರ್ಕ್ ಎಂಬ ಇಬ್ಬರು ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ್ದು: ನಾವು ಬರಲಾಗುವುದಿಲ್ಲ ಎಂದರೆ ಕರೆದವರು ಎಷ್ಟು ನೊಂದುಕೊಳ್ಳುತ್ತಾರೆ ಎಂದು ನಾವು ಹೆದರುತ್ತೇವೋ ಅಷ್ಟೇನೂ ಅವರು ನೊಂದುಕೊಳ್ಳುವುದಿಲ್ಲ. ನೋಡೋಣ, ಪ್ರಯತ್ನಿಸುತ್ತೇನೆ ಎಂದು ಕೊನೇ ಗಳಿಗೆಯವರೆಗೆ ಎಳೆಯಬೇಡಿ. ಮೊದಲೇ ‘ಈ ಸಲ ಆಗುವುದಿಲ್ಲ, ಕರೆದದ್ದು ತುಂಬ ಸಂತೋಷ’ ಎಂದುಬಿಟ್ಟರೆ ಅವರಿಗೂ ಅನುಕೂಲ.

ಶಾಪಿಂಗ್ ಮಾಡಿದ್ದಕ್ಕೆ ನಿಮ್ಮನ್ನು ನಾನು ಬಯ್ಯುವುದಿಲ್ಲ. ದುಡಿಯುವ ಹೆಂಗಸು ವರ್ಷಕ್ಕೊಂದು ಶನಿವಾರ ಗೆಳತಿಯರ ಜೊತೆ ಅಂಗಡಿ ಸುತ್ತಿ ನಗುವುದು ತಪ್ಪೇನಲ್ಲ. ಜೊತೆಯಲ್ಲಿ ನಾಲ್ಕು ಜನ ‘ತಗೋ, ನಿನಗೇ ಹೇಳಿ ಮಾಡಿಸಿದ ಹಾಗಿದೆ’ ಎಂದಾಗ ಕೈ ಮುಂದಾಗುತ್ತದೆ, ಕಾರ್ಡ್ ಇದ್ದರಂತೂ ಇನ್ನೂ ಸಲೀಸು. ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬುವರ 2001ರ ಪ್ರಯೋಗವೊಂದರಲ್ಲಿ ಆಟದ ಟಿಕೆಟ್‌ಗಳನ್ನು ಹರಾಜಿಗಿಟ್ಟಾಗ, ಕಾರ್ಡಿನಲ್ಲಿ ಕೊಡಬಹುದು ಎಂದು ಹೇಳಿಸಿಕೊಂಡವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚಿನ ಬೆಲೆ ಕೂಗಿದ್ದರು. ಹಣ ಕಣ್ಣೆದುರು ಕೈಬಿಟ್ಟು ಹೋಗದಿದ್ದರೆ ನೋವು ತಟ್ಟುವುದು ನಿಧಾನ. ನಿಮಗೀಗ ತಟ್ಟುತ್ತಿದೆ, ಅಷ್ಟೇ.

ನನಗೆ ಚಿಂತೆಯಾದದ್ದು ಸೂಟ್‌ಕೇಸಿನದು. ಖರ್ಚನ್ನು ಸರಿಪಡಿಸಬಹುದು, ಬಚ್ಚಿಡುವುದು ರೂಢಿಯಾದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ. ಬಿಲ್ ಬಂದು ಅವರ ಕಣ್ಣಿಗೆ ಬೀಳುವ ಮೊದಲು ನೀವೇ ಹೇಳಿ. ಮಗ ಮಲಗಿದ ಮೇಲೆ, ಮೊದಲ ವಾಕ್ಯದಲ್ಲೇ ಮೊತ್ತ ಹೇಳಿಬಿಡಿ. ಸುತ್ತಿ ಬಳಸಿ ಹೇಳಿದಷ್ಟೂ ಇನ್ನೇನಿದೆಯೋ ಎಂಬ ಗುಮಾನಿ ಬೆಳೆಯುತ್ತದೆ. ಆಮೇಲೆ ಅದನ್ನು ಹೇಗೆ ಕಟ್ಟುತ್ತೀರಿ ಎಂಬುದನ್ನು ಹೇಳಿ. ಆದಷ್ಟೂ ಪೂರ್ತಿ ಕಟ್ಟಿ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಉಳಿದ ಬಾಕಿಗೆ ಬಡ್ಡಿ ಓಡುತ್ತಲೇ ಇರುತ್ತದೆ, ಸಾಮಾನ್ಯವಾಗಿ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ.

ಬಟ್ಟೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಹರಡಿ. ಒಂದೊಂದನ್ನೂ ನಿಮ್ಮ ಹತ್ತಿರ ಈಗಾಗಲೇ ಇರುವ ಚಪ್ಪಲಿ, ಬ್ಯಾಗಿನ ಜೊತೆ ಹಾಕಿ ನೋಡಿ. ‘ಇದಕ್ಕೆ ಒಪ್ಪುವ ಚಪ್ಪಲಿ ಒಂದಿದ್ದರೆ’ ಎಂದು ಯಾವುದು ಅನ್ನಿಸುತ್ತದೋ ಅದು ವಾಪಸ್ ಹೋಗಲಿ. ಒಂದು ಹೊಸ ವಸ್ತು ಮನೆಗೆ ಬಂದು ತನಗೆ ಜೋಡಿಯಾಗುವ ಇನ್ನಷ್ಟನ್ನು ಕೊಳ್ಳಿಸುವುದಕ್ಕೆ ‘ಡಿಡೆರೊ ಪರಿಣಾಮ’ ಎನ್ನುತ್ತಾರೆ. 18ನೇ ಶತಮಾನದ ಫ್ರೆಂಚ್ ಲೇಖಕ ಡಿಡೆರೊ, ಚೆಂದದ ಹೊಸ ನಿಲುವಂಗಿಯೊಂದು ಬಂದಮೇಲೆ ಮನೆಯ ಹಳೆಯ ಸಾಮಾನೆಲ್ಲ ಕಳಪೆಯಾಗಿ ಕಂಡು, ಒಂದೊಂದನ್ನೇ ಬದಲಿಸುತ್ತ ಹೋದ ಕಥೆಯನ್ನು ಬರೆದಿದ್ದ. ನಿಜವಾಗಿ ಇಷ್ಟವಾದದ್ದರ ಟ್ಯಾಗ್ ಇವತ್ತೇ ಕತ್ತರಿಸಿ, ನಾಳೆ ಹಾಕಿಕೊಂಡು ಆಫೀಸಿಗೆ ಹೋಗಿ.

ವಾಪಸ್ ಕೊಡುವ ಗಡುವು ಸಾಮಾನ್ಯವಾಗಿ ಬಿಲ್ಲಿನ ಮೇಲೆಯೇ ಇರುತ್ತದೆ. ಮುಗಿದಿದ್ದರೂ ಬದಲಿಸಿ ಕೊಡುತ್ತಾರಾ ಎಂದು ಒಮ್ಮೆ ಕೇಳಿ, ಕೇಳಿದರೆ ನಷ್ಟವಿಲ್ಲ. ಆದರೆ ಆ ಗಡುವು ನಾಳೆ ಸಂಜೆಯೇ ಮುಗಿಯುವುದಿದ್ದು, ಗೆಳತಿ ‘ಬಾ’ ಎಂದಿದ್ದರೆ, ಬಟ್ಟೆ ನಿಮ್ಮಲ್ಲೇ ಉಳಿಯಲಿ. ನೀವು ಆರು ಗಂಟೆಗೆ ಅವಳ ಮನೆಯಲ್ಲಿರಿ.