ಅಂಬಾಸಿಡರ್ ಎಂಜಿನ್‌ಗೆ ಒಂದೇ ಡಬ್ಬಿಯ ಬಣ್ಣ ಸಾಕೇ? ಗುಬ್ಬಿಯ ಗೆಳೆಯರಿಗೆ ಉತ್ತರ

1489 ಸಿಸಿ ಎಂಜಿನ್ ಇಳಿಸಿಟ್ಟಿದ್ದೇನೆ, 600 ಡಿಗ್ರಿ ತಡೆಯುವ ಸಿಲ್ವರ್ ಪೇಂಟ್ ಒಂದು ಲೀಟರ್ ತಂದಿದ್ದೇನೆ, ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು), ಟ್ಯಾಪೆಟ್ ಕವರ್ (ಅದರ ಮೇಲಿನ ಮುಚ್ಚಳ), ಮ್ಯಾನಿಫೋಲ್ಡ್ (ಬಿಸಿ ಹೊಗೆ ಹೊರಹೋಗುವ ಎರಕದ ಕೊಳವೆ) ಎಲ್ಲಕ್ಕೂ ಅದನ್ನೇ ಹೊಡೆದುಬಿಡಲೇ ಎಂದು ಕೇಳಿದ್ದೀರಿ. ಬೇಡ ಸರ್. ಆ ಡಬ್ಬಿಯನ್ನು ಮ್ಯಾನಿಫೋಲ್ಡ್‌ಗೆ ಮಾತ್ರ ಇಟ್ಟುಕೊಳ್ಳಿ.

ಡಬ್ಬಿಯ ಮೇಲಿನ ಅಂಕಿ ದೊಡ್ಡದಿದ್ದಷ್ಟೂ ಬಣ್ಣ ಗಟ್ಟಿ ಎಂದು ನಾನೂ ಬಹಳ ಕಾಲ ನಂಬಿದ್ದೆ. ಅಷ್ಟು ಶಾಖ ತಡೆಯುವ ಬಣ್ಣದಲ್ಲಿರುವುದು ಸಿಲಿಕೋನ್ ರಾಳ. ಸಾಮಾನ್ಯವಾಗಿ ಅದು ಸುಮಾರು 200 ಡಿಗ್ರಿಯಲ್ಲಿ ಬೆಂದ ಮೇಲೆಯೇ ಪೂರ್ತಿ ಗಟ್ಟಿಯಾಗುತ್ತದೆ. ಬ್ಲಾಕಿನೊಳಗೆ ನೀರು ಓಡಾಡುವುದರಿಂದ ಅದರ ಹೊರಮೈ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಈ ಬಣ್ಣ ಒಣಗಿದಂತೆ ಕಾಣುತ್ತದೆಯೇ ಹೊರತು ಬೇಯುವುದಿಲ್ಲ. ಪೆಟ್ರೋಲ್ ತಾಗಿದ ಬಟ್ಟೆಯಲ್ಲಿ ಒರೆಸಿದರೆ ಬಣ್ಣವೆಲ್ಲ ಬಟ್ಟೆಗೇ ಬರುತ್ತದೆ.

ಬ್ಲಾಕಿಗೆ ಒಳ್ಳೆಯ ಎಂಜಿನ್ ಎನಾಮೆಲ್ ಸಾಕು, ಅದು 150 ಡಿಗ್ರಿಗಿಂತ ಹೆಚ್ಚು ತಾಳುತ್ತದೆ. ಟ್ಯಾಪೆಟ್ ಕವರ್ ತಗಡಿನದು, ಅದಕ್ಕೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಬೇಯಿಸುವುದು) ಚೆನ್ನಾಗಿ ಹಿಡಿಯುತ್ತದೆ. ಗ್ರಿಲ್, ಕುರ್ಚಿಗಳಿಗೆ ಪೌಡರ್ ಕೋಟಿಂಗ್ ಮಾಡುವವರು ತುಮಕೂರಿನಲ್ಲಿ ಸಿಗದಿದ್ದರೆ ಪೀಣ್ಯ ಹೇಗೂ ಇದೆ. ಆದರೆ ಮ್ಯಾನಿಫೋಲ್ಡ್ ಅನ್ನು ಅವರ ಕೈಗೆ ಕೊಡಬೇಡಿ. ಆ ಪುಡಿ ಕರಗಿ ಹರಡಿ ಗಟ್ಟಿಯಾಗುವುದೇ 180–200 ಡಿಗ್ರಿಯಲ್ಲಿ, ಮ್ಯಾನಿಫೋಲ್ಡ್ ಏರು ರಸ್ತೆಯಲ್ಲಿ 500 ದಾಟಬಹುದು. ಸತು ಲೇಪನವೂ ಬೇಡ, ಸತು 419 ಡಿಗ್ರಿಗೆ ಕರಗುತ್ತದೆ. ಕ್ರೋಮ್ ಮಾಡಿಸಿದರೆ ನೀಲಿ ತಿರುಗುತ್ತದೆ. ಹಳೆಯ ಜಾಗ್ವಾರ್ ಕಾರುಗಳ ಮ್ಯಾನಿಫೋಲ್ಡ್‌ಗೆ ಪಿಂಗಾಣಿಯಂಥ ಎನಾಮೆಲ್ ಇರುತ್ತಿತ್ತು, ನೋಡಲು ಬಲು ಚೆಂದ. ಅದು ನಮ್ಮ ಜೇಬಿಗೆ ಒಗ್ಗುವ ಆಸೆಯಲ್ಲ ಬಿಡಿ.

ಈಗ ನಾನು ಕೆಡಿಸಿಕೊಂಡ ಕಥೆ. ನನ್ನ ಮೊದಲ ಮ್ಯಾನಿಫೋಲ್ಡ್‌ಗೆ ಗೇಟಿಗೆ ಹಚ್ಚುವ ಅಭ್ಯಾಸದಲ್ಲೇ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಕೆಂಪು ಪ್ರೈಮರ್) ಬಳಿದು, ಅದರ ಮೇಲೆ ಇದೇ 600 ಡಿಗ್ರಿಯ ಬಣ್ಣವನ್ನು ದಪ್ಪಗೆ ಎರಡು ಕೈ ಹೊಡೆದೆ. ಮಾರನೆಯ ದಿನವೇ ದೇವರಾಯನದುರ್ಗದ ಬೆಟ್ಟ ಹತ್ತಿಸಿದೆ. ಇಳಿದು ಬಂದು ಬಾನೆಟ್ ಎತ್ತಿದರೆ ಬಣ್ಣ ಹಪ್ಪಳದಂತೆ ಎದ್ದು ನಿಂತಿತ್ತು. ಅಡಿಯಲ್ಲಿದ್ದ ರೆಡ್ ಆಕ್ಸೈಡ್ ಸುಟ್ಟು ಬೂದಿಯಾಗಿತ್ತು, ಮೇಲಿನದಕ್ಕೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ.

ಹಾಗಾಗಿ ಈ ಬಣ್ಣವನ್ನು ಬರಿಯ ಕಬ್ಬಿಣಕ್ಕೇ ಹಚ್ಚಿ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಉತ್ತಮ. ಮ್ಯಾನಿಫೋಲ್ಡ್ ಬಿಚ್ಚಿಕೊಂಡು ಒಯ್ಯಿರಿ, ಜೋಡಿಸಿದ ಎಂಜಿನ್ ಹತ್ತಿರ ಮರಳು ಸುಳಿಯಲೂ ಬಾರದು. ಒಂದು ಚಿಟಿಕೆ ಒಳಗೆ ಸೇರಿದರೆ ಬೇರಿಂಗ್ ಹೋಯಿತು. ಎರಕದ ಕಬ್ಬಿಣ ಎಣ್ಣೆಯನ್ನು ಹೀರಿಕೊಂಡಿರುತ್ತದೆ, ಥಿನ್ನರ್‌ನಿಂದ ಒರೆಸಿದರೆ ಮೇಲಿನದಷ್ಟೇ ಹೋಗುತ್ತದೆ. ಥಿನ್ನರ್ ಪೂರ್ತಿ ಆರಿದ ಮೇಲೆ, ಅದರ ಡಬ್ಬಿ, ಬಟ್ಟೆಗಳನ್ನೆಲ್ಲ ದೂರವಿಟ್ಟು, ಬಯಲಿನಲ್ಲಿ ಗ್ಯಾಸ್ ಟಾರ್ಚ್‌ನಿಂದ ಹೊಗೆ ನಿಲ್ಲುವವರೆಗೆ ಕಾಯಿಸಿ. ತಣ್ಣಗಾದ ಮೇಲೆ ಇನ್ನೊಮ್ಮೆ ಒರೆಸಿ. ಮಳೆಗಾಲದಲ್ಲಿ ಬೆಳಿಗ್ಗೆ ಉಜ್ಜಿದ ಕಬ್ಬಿಣ ಸಂಜೆಗೆ ಕೆಂಪಗಾಗುತ್ತದೆ, ಅಂದೇ ಬಣ್ಣ ಬೀಳಬೇಕು. ತೆಳುವಾಗಿ ಎರಡು ಕೈ ಸಾಕು, ಮೂರನೆಯದರ ಆಸೆ ಬೇಡ. ಗ್ಯಾಸ್ಕೆಟ್ ಕೂರುವ ಮುಖಗಳಿಗೆ ಟೇಪ್ ಅಂಟಿಸಿ ಮುಚ್ಚಿಡಿ.

ಅಂಬಾಸಿಡರ್‌ನಲ್ಲಿ ಇನ್‌ಲೆಟ್ (ಒಳಬರುವ ದಾರಿ), ಎಕ್ಸಾಸ್ಟ್ (ಹೊಗೆಯ ದಾರಿ) ಎರಡೂ ಒಂದೇ ಪಕ್ಕದಲ್ಲಿವೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕೂಡ ಅಲ್ಲಿಯೇ. ಅದರಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಮೇಲಾಗಿ ಬೆಂಕಿಯ ಭಯ. ಮೊದಲು ಅದನ್ನು ಸರಿಮಾಡಿಸಿ.

ಮ್ಯಾನಿಫೋಲ್ಡ್ ಸುತ್ತ ಶಾಖ ತಡೆಯುವ ಬಟ್ಟೆಯ ಪಟ್ಟಿ ಸುತ್ತಿ ಎಂದು ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಬರೆದಿದ್ದಾರೆ. ದಿನವೂ ಓಡದ ಕಾರಿಗೆ ನಾನು ಒಪ್ಪುವುದಿಲ್ಲ. ಪಟ್ಟಿ ತೇವ ಹಿಡಿದಿಡುತ್ತದೆ, ಒಳಗೊಳಗೇ ತುಕ್ಕು ತಿನ್ನುತ್ತದೆ.

ಜೋಡಿಸಿದ ಮೇಲೆ ನೇರವಾಗಿ ರಸ್ತೆಗೆ ಇಳಿಸಬೇಡಿ. ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ತಣ್ಣಗಾಗಲು ಬಿಡಿ. ಮೂರನೆಯ ಸಲ ಊರಾಚೆ ಒಂದು ಸುತ್ತು ನಿಧಾನವಾಗಿ ಹೋಗಿ ಬನ್ನಿ. ಮೊದಲ ಸಲ ಬಾನೆಟ್‌ನಿಂದ ಘಾಟು ಹೊಗೆ ಬರುತ್ತದೆ, ಅದು ಬಣ್ಣ ಬೇಯುವ ಹೊಗೆ. ಶೆಡ್ಡಿನೊಳಗೆ ಮಾಡಬೇಡಿ, ಅಕ್ಕಪಕ್ಕದವರಿಗೂ ಮೊದಲೇ ಹೇಳಿಡಿ. ನಮ್ಮ ಬೀದಿಯಲ್ಲಿ ಒಬ್ಬರು ಬಕೆಟ್ ನೀರು ಹಿಡಿದು ಓಡಿ ಬಂದಿದ್ದರು.